ದ್ರೋಹ ಯಾರದು?

ರಾಜನ ವಿರುದ್ಧ ಪಾರ್ಲಿಮೆಂಟು ಕತ್ತಿ ಹಿಡಿದದ್ದು ದ್ರೋಹ ಎನ್ನುವವರುಂಟು. ವರ್ಷವರ್ಷವೂ ಈ ಪಾಠ ಮಾಡಿದ ನಾನು ಅದನ್ನು ಒಪ್ಪುವುದಿಲ್ಲ.

ಇಂಗ್ಲೆಂಡಿನ ಒಂದನೇ ಚಾರ್ಲ್ಸ್ 1629ರಿಂದ 11 ವರ್ಷ ಪಾರ್ಲಿಮೆಂಟನ್ನೇ ಕರೆಯಲಿಲ್ಲ. ಕರಾವಳಿಗೆ ಸಂಬಂಧಿಸಿದ ಹಡಗು ತೆರಿಗೆಯನ್ನು 1635ರಲ್ಲಿ ಒಳನಾಡಿನ ಮೇಲೂ ಹೇರಿದ. 1642ರ ಜನವರಿ 4ರಂದು ಐವರು ಸದಸ್ಯರನ್ನು ಹಿಡಿಯಲು ಸೈನಿಕರೊಡನೆ ಕಾಮನ್ಸ್ ಸಭೆಗೇ ಬಂದ. ಆಗಸ್ಟ್ 22ರಂದು ನಾಟಿಂಗ್‌ಹ್ಯಾಮಿನಲ್ಲಿ ಯುದ್ಧದ ಬಾವುಟ ಏರಿಸಿದ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದವರು ಕೈಕಟ್ಟಿ ಕೂರಬೇಕೆ?

ಆ ಸಭೆಯಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ, ನಿಜ. ಸತ್ತವರ ಮನೆಯವರ ಕಣ್ಣೀರೂ ನಿಜ. ಆದರೂ ಹೇಳಿ, ಮನೆಯ ದುಡ್ಡಿನ ಲೆಕ್ಕ ಕೇಳಿದವರ ಮೇಲೆ ಯಜಮಾನ ದೊಣ್ಣೆ ಎತ್ತಿದರೆ, ತಪ್ಪು ಆ ದೊಣ್ಣೆಯನ್ನು ತಡೆದ ಕೈಯದೇ?