ಲಾಡ್ಜಿನ ಕೌಂಟರಿನಲ್ಲಿ ಕೂತವರಿಗೆ, ಮನೆ ಬಾಡಿಗೆಗೆ ಕೊಡುವವರಿಗೆ



ಇಬ್ಬರು ಗಂಡಸರು ಡಬಲ್ ರೂಮ್ ಕೇಳಿದರೆ ಸಾಮಾನ್ಯವಾಗಿ ಯಾರೂ ಇಲ್ಲವೆನ್ನುವುದಿಲ್ಲ. ಕಂಪನಿ ಕೆಲಸಕ್ಕೆ ಬಂದವರೋ, ಮದುವೆಮನೆಗೆ ಹೊರಟವರೋ ಎಂದುಕೊಂಡು ಆಧಾರ್ ಜೆರಾಕ್ಸ್ ಇಸಿದುಕೊಂಡು ಕೀ ಕೊಡುತ್ತೀರಿ. ಅವರು ಸಂಗಾತಿಗಳೆಂದು ಗೊತ್ತಾಯಿತೋ, "ರೂಮ್ ಖಾಲಿ ಇಲ್ಲ ಸಾರ್." ಅದೇ ಮಂಚ, ಅದೇ ಬಾಡಿಗೆ, ಅದೇ ಇಬ್ಬರು. ಸುಳ್ಳು ಹೇಳಿದವರಿಗೆ ಕೀ, ನಿಜ ಹೇಳಿದವರಿಗೆ ಬೀದಿ. ಇದು ಯಾವ ಸೀಮೆಯ ಮರ್ಯಾದೆ?

ಬಾಡಿಗೆ ಮನೆಯ ಕತೆ ಇನ್ನೂ ವಿಚಿತ್ರ. ನಾಲ್ವರು ಹುಡುಗಿಯರು ಒಂದೇ ಮನೆಯಲ್ಲಿದ್ದರೆ ಓನರ್ ಸುಮ್ಮನಿರುತ್ತಾರೆ. ಇಬ್ಬರು ಹೆಂಗಸರು "ನಾವು ಜೋಡಿ" ಎಂದರೆ ಸಾಕು, "ಫ್ಯಾಮಿಲಿಗೆ ಮಾತ್ರ ಕೊಡೋದಮ್ಮಾ" ಎಂದು ಅಡ್ವಾನ್ಸ್ ವಾಪಸ್.

"ನಮ್ಮ ಹೋಟೆಲು, ನಮ್ಮಿಷ್ಟ" ಎನ್ನುವವರಿದ್ದಾರೆ. ದಲಿತರಿಗೆ ಹೊರಗೆ ಬೇರೆ ಲೋಟ ಇಟ್ಟವರೂ ಇದನ್ನೇ ಹೇಳುತ್ತಿದ್ದರು. 1950ರಲ್ಲೇ ಸಂವಿಧಾನ ಆ ಮಾತಿಗೆ ತೆರೆ ಎಳೆದಿದೆ. ಅಂಗಡಿ, ಹೋಟೆಲು, ಮನರಂಜನೆಯ ಜಾಗಗಳಿಗೆ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟೂರುಗಳ ಕಾರಣಕ್ಕೆ ಯಾರನ್ನೂ ಬಿಡದೆ ಇರುವಂತಿಲ್ಲ ಎನ್ನುತ್ತದೆ 15(2)ನೇ ವಿಧಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗಿಗಳನ್ನು ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನ ಕುಣಿಕೆಯಿಂದ ಬಿಡಿಸಿತು. ಲೈಂಗಿಕ ಒಲವಿನ ಕಾರಣಕ್ಕೆ ಮಾಡುವ ತಾರತಮ್ಯವೂ ಲಿಂಗ ತಾರತಮ್ಯವೇ ಎಂದು ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಬರೆದಿದ್ದಾರೆ.

ಇಷ್ಟಾದರೂ ಬಾಡಿಗೆ ಮನೆ ಆ ವಿಧಿಯ ಪಟ್ಟಿಯಲ್ಲಿಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗೆ ಮನೆ, ಸೇವೆ ನಿರಾಕರಿಸಬಾರದೆಂಬ 2019ರ ಕಾಯ್ದೆ ಸಲಿಂಗಿ ಜೋಡಿಗಳ ಸುದ್ದಿಯನ್ನೇ ಎತ್ತುವುದಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಮದುವೆಯ ಹಕ್ಕನ್ನೂ ಕೊಡಲಿಲ್ಲ. ಮದುವೆಗೇ ದಾರಿಯಿಲ್ಲದವರನ್ನು ಮ್ಯಾರೇಜ್ ಸರ್ಟಿಫಿಕೇಟ್ ಕೇಳುವುದು ಕುಚೋದ್ಯವಲ್ಲದೆ ಮತ್ತೇನು? ಈ ಜೋಡಿಗಳು ಜಂಟಿ ಖಾತೆ ತೆರೆಯಬಹುದು, ಸಂಗಾತಿಯನ್ನು ನಾಮಿನಿ ಮಾಡಬಹುದು ಎಂದು ಕೇಂದ್ರ ಹಣಕಾಸು ಸಚಿವಾಲಯವೇ 2024ರಲ್ಲಿ ಸ್ಪಷ್ಟಪಡಿಸಿದೆ. ಬ್ಯಾಂಕಿಗೆ ಇಲ್ಲದ ಮುಜುಗರ ಲಾಡ್ಜಿಗೇಕೆ?

ನಿಮ್ಮ ದೇವರು, ನಿಮ್ಮ ನಂಬಿಕೆ ನಿಮ್ಮ ಮನೆಯಲ್ಲಿರಲಿ, ಯಾರ ತಕರಾರೂ ಇಲ್ಲ. ಲೈಸೆನ್ಸ್ ತೆಗೆದುಕೊಂಡು, ಬೋರ್ಡು ಹಾಕಿ, ಎಲ್ಲರನ್ನೂ ಬನ್ನಿ ಎಂದು ಕರೆದ ಮೇಲೆ ಬಂದವರನ್ನು ಜರಡಿ ಹಿಡಿಯಬೇಡಿ. ಮನೆ ಮಾಲೀಕರು ಬಾಡಿಗೆ ಹೊತ್ತಿಗೆ ಸರಿಯಾಗಿ ಬರುತ್ತದೆಯೇ ಎಂದು ವಿಚಾರಿಸಲಿ, ಅಷ್ಟು ಸಾಕು. ಹೋಟೆಲ್ ಮಾಲೀಕರ ಸಂಘಗಳು ತಮ್ಮ ಸದಸ್ಯರಿಗೆ ಒಂದು ಸುತ್ತೋಲೆ ಕಳಿಸಲಿ. ಲೈಂಗಿಕ ಒಲವನ್ನು ಹೆಸರಿಸಿ, ಬಾಡಿಗೆ ಮನೆಯನ್ನೂ ಸೇರಿಸಿ, ಬಾಗಿಲು ಹಾಕಿಸಿಕೊಂಡವರು ದೂರು ಕೊಡಲು ಜಾಗವಿರುವಂಥ ಕಾಯ್ದೆಯನ್ನು ಕರ್ನಾಟಕದ ವಿಧಾನಮಂಡಲ ತರಲಿ.

ಓದಿದ ಮೇಲೆ ಈ ಕರಪತ್ರವನ್ನು ಎಸೆಯಬೇಡಿ. ನಿಮ್ಮ ಕ್ಷೇತ್ರದ ಶಾಸಕರ ಕೈಗೆ ಕೊಟ್ಟು, ಈ ಕಾಯ್ದೆಯ ಬಗ್ಗೆ ಅವರ ನಿಲುವೇನೆಂದು ಕೇಳಿ.