ಹತ್ತು ಯಜಮಾನರ ಮನೆ

ಮನೆಗೆ ಒಬ್ಬನೇ ಯಜಮಾನನಿದ್ದರೆ ಬಂದ ನೆಂಟನಿಗೆ ಯಾರನ್ನು ಕೇಳಬೇಕೆಂಬುದು ತಿಳಿದಿರುತ್ತದೆ. ಹತ್ತು ಮಂದಿ ಯಜಮಾನರಿದ್ದರೆ ಒಂದು ಲೋಟ ನೀರಿಗೂ ದಾರಿ ತೋಚದು. ಲಿನಕ್ಸ್ ಹಾಕಿದ ಕಂಪ್ಯೂಟರಿಗೆ ಇಂಟರ್‌ನೆಟ್ ಜೋಡಿಸಲು ಹೊರಟವನ ಪಾಡೂ ಹೆಚ್ಚುಕಡಿಮೆ ಇದೇ.

ವಿದ್ಯಾರ್ಥಿವೇತನದ ಅರ್ಜಿಗೆ ಮರುದಿನವೇ ಕೊನೆಯ ದಿನ. ಸಂಪರ್ಕವಾಗಿದೆಯೆಂಬ ಗುರುತು ಪರದೆಯ ಮೇಲಿತ್ತು. ಆದರೆ ಒಂದು ಪುಟವೂ ತೆರೆಯಲೊಲ್ಲದು. ನಾವು ಟೈಪು ಮಾಡುವ ಹೆಸರಿಗೆ ಅಂಕೆಯ ವಿಳಾಸವನ್ನು ಹುಡುಕಿಕೊಡುವುದು ಡಿ.ಎನ್.ಎಸ್. ಎಂಬ ವ್ಯವಸ್ಥೆ. ಅದನ್ನು ಎಲ್ಲಿ ಕೇಳಬೇಕೆಂಬ ವಿಳಾಸವೇ ನನ್ನ ಯಂತ್ರದಲ್ಲಿ ತಪ್ಪಾಗಿದೆಯೆಂದು ಗೆಳೆಯನೊಬ್ಬನು ಕಂಡುಹಿಡಿದನು. ‘ರಿಸಾಲ್ವ್.ಕಾನ್ಫ್’ ಎಂಬ ಕಡತದಲ್ಲಿ ಸರಿಯಾದುದನ್ನು ಬರೆದೆವು. ಪುಟ ತೆರೆಯಿತು! ಅಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ ನಾವು ಬರೆದದ್ದೇ ಮಾಯ.

ಅಳಿಸಿದವರು ಯಾರು? 2004ರಲ್ಲಿ ಆರಂಭವಾದ ನೆಟ್‌ವರ್ಕ್ ಮ್ಯಾನೇಜರ್ ಎಂಬ ಕಾರಭಾರಿ. ಸಂಪರ್ಕವಾದಾಗಲೆಲ್ಲ ಆ ಕಡತವನ್ನು ಅದು ತಾನೇ ಹೊಸದಾಗಿ ಬರೆಯುತ್ತದೆ. ನಾವು ತಿದ್ದಬೇಕಾದದ್ದು ಕಡತವನ್ನಲ್ಲ, ಆ ಸಂಪರ್ಕದ ಸೆಟ್ಟಿಂಗ್ಸನ್ನು. ಕಡತದ ನೆತ್ತಿಯಲ್ಲಿ ‘ಇದು ನೆಟ್‌ವರ್ಕ್ ಮ್ಯಾನೇಜರ್ ರಚಿಸಿದ್ದು’ ಎಂಬರ್ಥದ ಒಂದು ಇಂಗ್ಲಿಷ್ ಸಾಲು ಇತ್ತು, ನಿಜ. ಇಲ್ಲಿ ಬರೆದದ್ದು ಉಳಿಯದೆಂದಾಗಲಿ, ಎಲ್ಲಿ ಬರೆಯಬೇಕೆಂದಾಗಲಿ ಅದರಲ್ಲಿ ಇರಲಿಲ್ಲ.

ಬದಲಾವಣೆಗಳಿಗೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಲ್ಯಾಪ್‌ಟಾಪು ಬೆಳಿಗ್ಗೆ ಮನೆಯಲ್ಲಿ, ಮಧ್ಯಾಹ್ನ ಕಾಲೇಜಿನಲ್ಲಿ. ಹೋದ ಹೋದಲ್ಲಿ ಕೈಯಿಂದ ಬರೆಯುತ್ತ ಕೂರಲಾದೀತೆ? ಎರಡು ನೆಟ್‌ವರ್ಕ್ ಕಾರ್ಡುಗಳಿದ್ದಲ್ಲಿ ‘ಈತ್0’, ‘ಈತ್1’ ಎಂಬ ಹೆಸರುಗಳು ಅದಲುಬದಲಾಗುತ್ತಿದ್ದುದರಿಂದ 2013ರಲ್ಲಿ ‘ಇಎನ್‌ಪಿ3ಎಸ್0’ ಎಂಬಂಥ ಹೆಸರುಗಳು ಬಂದುವು. 2017ರಲ್ಲಿ ಉಬುಂಟು 17.10 ‘ನೆಟ್‌ಪ್ಲಾನ್’ ಎಂಬ ಮತ್ತೊಂದು ಪದ್ಧತಿಯನ್ನು ತಂದಿತು. ಪ್ರತಿಯೊಂದೂ ಒಂದು ಕಷ್ಟವನ್ನು ನೀಗಿಸಿತು. ಹಾಗೆಯೇ ಹಿಂದಿನ ಪಾಠವನ್ನು ಹಳತಾಗಿಸಿತು.

ಲಿನಕ್ಸ್ ಬಡ ವಿದ್ಯಾರ್ಥಿಗೆ ದುಡ್ಡಿಲ್ಲದೆ ದೊರೆಯುತ್ತದೆ. ಬೇಕಾದಂತೆ ತಿದ್ದಿಕೊಳ್ಳುವ ಸ್ವಾತಂತ್ರ್ಯವನ್ನೂ ಕೊಡುತ್ತದೆ. ಆದರೆ ಎಲ್ಲಿ ತಿದ್ದಬೇಕೆಂದು ತಿಳಿಯದವನಿಗೆ ಆ ಸ್ವಾತಂತ್ರ್ಯದಿಂದ ಬಂದ ಭಾಗ್ಯವೇನು? ಯಂತ್ರವು ‘ಆಗದು’ ಎಂದರೆ ಸಹಿಸಬಹುದು. ‘ಆಗಿದೆ’ ಎಂದು ಗುರುತು ತೋರಿಸಿ ಸುಮ್ಮನಿರುವುದನ್ನು ಸಹಿಸುವುದು ಕಷ್ಟ. ಈ ವ್ಯವಸ್ಥೆಯನ್ನು ಕಟ್ಟುವ ಜಾಣರಲ್ಲಿ ನನ್ನ ಬೇಡಿಕೆ ಒಂದೇ: ಯಜಮಾನರು ಎಷ್ಟು ಮಂದಿಯಾದರೂ ಇರಲಿ, ಈ ಹೊತ್ತು ಯಾರ ಮಾತು ನಡೆಯುತ್ತಿದೆ ಎಂಬುದನ್ನು ಬಾಗಿಲಲ್ಲೇ, ಸಾಧ್ಯವಾದರೆ ಕನ್ನಡದಲ್ಲಿಯೂ, ಬರೆದಿಡಿ.

ನನ್ನ ಅರ್ಜಿ ಆ ರಾತ್ರಿ ಗೆಳೆಯನ ಮೊಬೈಲಿನಿಂದ ಹೋಯಿತು. ಎಲ್ಲರಿಗೂ ಅಂಥ ಗೆಳೆಯನಿರುವುದಿಲ್ಲ.