ಹೊಳೆಯ ಮೀನಿಗೆ ಲೆಕ್ಕ ಬರೆಯುವವರಾರು?

ಹಲಗೂರಿನಲ್ಲಿ ಮುತ್ತತ್ತಿ ಬಸ್ಸು ಹತ್ತುವವರಿಗೆ ಅಲ್ಲಿನ ಆಂಜನೇಯ ಗೊತ್ತು, ಹೊಳೆಯ ಸುಳಿಗಳೂ ಗೊತ್ತು. ಆದರೆ ಆ ಹೊಳೆಯ ಬಿಳಿ ಮೀನು ಊರಿನದೋ, ಹೊರಗಿನಿಂದ ಬಂದದ್ದೋ ಅಂತ ಕೇಳಿದರೆ ಉತ್ತರ ಹೇಳುವವರು ಕಡಿಮೆ.

ಕಾವೇರಿಯ ಸ್ವಂತ ಮೀನು ಕಿತ್ತಳೆ ರೆಕ್ಕೆಯ, ಗೂನು ಬೆನ್ನಿನ ಮಹಶೀರ್. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ ಗಾಳ ಹಾಕಿ ಹಿಡಿದದ್ದು 120 ಪೌಂಡಿನದು. ಸಿಮೆಂಟ್ ಮೂಟೆಗಿಂತ ಭಾರ! ಮೀನು ಕಡಿಮೆಯಾಯ್ತು ಅಂತ 1970ರ ದಶಕದಿಂದೀಚೆಗೆ ಲೋನಾವಳಾದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರ್ ತಂದು ಬಿಟ್ಟರು. ಉದ್ದೇಶ ಒಳ್ಳೆಯದೇ. ಮಹಶೀರ್ ಅಂದರೆ ಮಹಶೀರ್ ತಾನೇ ಅಂದುಕೊಂಡರು.

ಅಲ್ಲವೆಂದು ಹೇಳಿದ್ದು ಗಾಲಿಬೋರೆ ಶಿಬಿರದ ಲೆಕ್ಕದ ಪುಸ್ತಕ. ಗಾಳದವರು ಮೀನು ಹಿಡಿದು, ತೂಗಿ, ವಾಪಸ್ ನೀರಿಗೆ ಬಿಟ್ಟು ಬರೆದಿಟ್ಟದ್ದು. 1998ರಿಂದ 2012ರ ಲೆಕ್ಕವನ್ನು ವಿಜ್ಞಾನಿಗಳು ಕೂಡಿ ಕಳೆದು ನೋಡಿದರೆ ನೀಲಿ ರೆಕ್ಕೆಯದು ಏರುತ್ತಾ ಹೋಗಿತ್ತು, ಗೂನು ಬೆನ್ನಿನದು ಇಳಿಯುತ್ತಾ ಬಂದಿತ್ತು. 2018ರಲ್ಲಿ ಅದು ಅಳಿವಿನ ಅಂಚಿನ ಕೆಂಪು ಪಟ್ಟಿ ಸೇರಿತು. ವನ್ಯಧಾಮದ ಕಾಯಿದೆಯಿಂದ ಗಾಳ ನಿಂತಿತು, ತಪ್ಪೇನಿಲ್ಲ. ಜೊತೆಗೆ ಪುಸ್ತಕವೂ ಮುಚ್ಚಿತು, ಅದು ತಪ್ಪು.

ಬಂದರುಗಳಲ್ಲಿ ಈ ಲೆಕ್ಕ ಬೇರೆ ರೀತಿ ನಡೆಯುತ್ತದೆ. ಹಡಗಿನ ತಳಕ್ಕೆ ಅಂಟಿಕೊಂಡು ಪರದೇಶದ ಚಿಪ್ಪುಜೀವಿಗಳು ಬರುತ್ತವೆ. ವಿಶಾಖಪಟ್ಟಣದಲ್ಲಿ 1967ರಲ್ಲಿ ಕಂಡ ಅಮೆರಿಕದ ಚಿಪ್ಪು ದೋಣಿ, ಕಂಬ ಯಾವುದನ್ನೂ ಬಿಡದೆ ಮುತ್ತಿತು. ಅದಕ್ಕೇ ತಜ್ಞರು ನೀರಿಗೆ ಹಲಗೆ ಇಳಿಬಿಟ್ಟು, ಕೆಲವು ತಿಂಗಳ ಮೇಲೆ ಎತ್ತಿ, ಏನೇನು ಹತ್ತಿದೆ ಅಂತ ಎಣಿಸುತ್ತಾರೆ.

ಹಲಗೂರಿಗೆ ಹಡಗು ಬರುವುದಿಲ್ಲ ಸ್ವಾಮಿ. ಇಲ್ಲಿಗೆ ಪರದೇಶಿ ಮೀನು ಬರುವುದು ಪ್ಲಾಸ್ಟಿಕ್ ಚೀಲದಲ್ಲಿ, ಲಾರಿ ಮೇಲೆ. 1952ರಲ್ಲಿ ದೇಶಕ್ಕೆ ಬಂದ ಜಿಲೇಬಿ ಮೀನು ಈಗ ಕೆರೆಕೆರೆಯಲ್ಲೂ ಇದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಾಣಿಕೆಗೆ 2000ದಲ್ಲೇ ನಿಷೇಧ ಬಿದ್ದರೂ ಕದ್ದು ಸಾಕುವುದು ಆಗಾಗ ಪತ್ತೆಯಾಗುತ್ತಲೇ ಇದೆ. ಕೋಡಿ ಬಿದ್ದರೆ ಕೆರೆಯ ಮೀನು ಶಿಂಷಾಕ್ಕೆ, ಅಲ್ಲಿಂದ ಕಾವೇರಿಗೆ.

ಸೀತಮ್ಮನ ಮುತ್ತು ಹೊಳೆಗೆ ಬಿದ್ದಾಗ ಹನುಮಂತ ಬಾಲದಲ್ಲಿ ಕದಡಿ ಎತ್ತಿಕೊಟ್ಟನಂತೆ. ಮೀನಿಗೆ ಅಷ್ಟು ಬೇಡ. ಗಾಳದವರ ಜೊತೆ ತೆಪ್ಪ ನಡೆಸಿದವರು ರೆಕ್ಕೆ ನೋಡಿ ಜಾತಿ ಹೇಳಬಲ್ಲರು. ಅರಣ್ಯ ಇಲಾಖೆ, ಮೀನುಗಾರಿಕೆ ಇಲಾಖೆ ಸೇರಿ ಅವರಿಗೆ ದಿನಗೂಲಿ ಕೊಟ್ಟು, ವಿಜ್ಞಾನಿಗಳ ಜೊತೆ ವರ್ಷಕ್ಕೆರಡು ಸಲ ಎಣಿಕೆ ಮಾಡಿಸಲಿ. ಯಾವ ಕೆರೆಗೆ ಯಾವ ಮರಿ ಎಷ್ಟು ಬಿಟ್ಟರು ಅನ್ನುವುದನ್ನು ಮಳವಳ್ಳಿ ತಾಲ್ಲೂಕು ಕಚೇರಿಯ ಬೋರ್ಡಿನಲ್ಲಿ ಬರೆಸಲಿ.